ಕೊನೆಯಲ್ಲಿ ನೀತಿ ಇದ್ದರೆ ಸಾಕೇ? ಒಡಹುಟ್ಟಿದವರ ಜಗಳದ ಕಾರ್ಟೂನ್ ಬಗ್ಗೆ ಮತ್ತೊಮ್ಮೆ

ಪ್ರಶ್ನೆ: ನಮಗೆ ಆರು ವರ್ಷದ ಮಗನೂ ಮೂರು ವರ್ಷದ ಮಗಳೂ ಇದ್ದಾರೆ. ಗಣಪತಿ ಮತ್ತು ಷಣ್ಮುಖ ಒಂದು ಹಣ್ಣಿಗಾಗಿ ಪಂದ್ಯ ಕಟ್ಟುವ ಏಳು ನಿಮಿಷದ ಕಾರ್ಟೂನ್ ಚಿತ್ರವನ್ನು ಇಬ್ಬರೂ ಹಟ ಹಿಡಿದು ನೋಡುತ್ತಾರೆ. ಕೊನೆಯಲ್ಲಿ ಒಳ್ಳೆಯ ನೀತಿಯೂ ಇದೆ. ಆದರೂ ನೋಡಿ ಎದ್ದ ಮೇಲೆ ಜಗಳ ಹೆಚ್ಚಿದಂತೆ ಕಾಣುತ್ತದೆ. ಇಂಥ ಚಿತ್ರಗಳನ್ನು ತೋರಿಸಬಹುದೇ?

ಉತ್ತರ: ಧಾರಾಳವಾಗಿ ತೋರಿಸಬಹುದು. ಜಗಳವೇ ಇಲ್ಲದ ಅಣ್ಣತಂಗಿಯರ ಕಥೆಯನ್ನು ಮಕ್ಕಳು ಎರಡನೇ ಸಲ ನೋಡುವುದು ಕಷ್ಟ. ತನ್ನ ಮನೆಯಲ್ಲಿ ನಡೆಯುವುದೇ ದೇವರ ಮನೆಯಲ್ಲೂ ನಡೆಯುತ್ತದೆ ಎಂದು ತಿಳಿದರೆ ಮಗುವಿಗೆ ಒಂದು ಬಗೆಯ ಸಮಾಧಾನವೂ ಆಗುತ್ತದೆ. ದಿನಕ್ಕೆ ಎಷ್ಟು ಹೊತ್ತು ತೋರಿಸಬೇಕು ಎಂಬುದನ್ನು ಇಲ್ಲಿ ಮತ್ತೆ ಎತ್ತಿಕೊಳ್ಳುವುದಿಲ್ಲ. ಎರಡರಿಂದ ನಾಲ್ಕು ವರ್ಷದವರಿಗೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಮಾತು ಹಾಗೆಯೇ ಇದೆ. ನಾನು ಮಾತಾಡಬೇಕಾಗಿರುವುದು ನಿಮ್ಮ ಪತ್ರದ ಒಂದು ವಾಕ್ಯದ ಬಗ್ಗೆ. ಗಣೇಶನ ಹಬ್ಬದ ಆಸುಪಾಸಿನಲ್ಲೂ ಬೇಸಿಗೆ ರಜೆಯಲ್ಲೂ ಬರುವ ಇಂಥ ಪತ್ರಗಳಲ್ಲೆಲ್ಲ ಅದು ತಪ್ಪದೆ ಇರುತ್ತದೆ: ‘ಕೊನೆಯಲ್ಲಿ ಒಳ್ಳೆಯ ನೀತಿ ಇದೆ’. ಚಿತ್ರ ಮಾಡುವವರೂ ಇದನ್ನೇ ಹೇಳುತ್ತಾರೆ, ಶಾಲೆಯವರೂ ಇದನ್ನೇ ಹೇಳುತ್ತಾರೆ, ಅಜ್ಜ ಅಜ್ಜಿಯರಂತೂ ಇದನ್ನು ಹೇಳಿಯೇ ಮೊಬೈಲನ್ನು ಮೊಮ್ಮಕ್ಕಳ ಕೈಗೆ ಕೊಡುತ್ತಾರೆ. ಎಷ್ಟು ಸಲ ಬರೆದರೂ ಈ ನಂಬಿಕೆ ಅಲ್ಲಾಡುವುದಿಲ್ಲವಾದ್ದರಿಂದ ಈ ಬಾರಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಚಿತ್ರವನ್ನೇ ಬಿಡಿಸಿ ನೋಡೋಣ. ಏಳು ನಿಮಿಷವೆಂದರೆ 420 ಸೆಕೆಂಡು. ಇಂಥ ಚಿತ್ರಗಳ ನಡೆ ಹೆಚ್ಚುಕಡಿಮೆ ಒಂದೇ ಬಗೆಯದು. ನಾರದರು ಹಣ್ಣು ತರುತ್ತಾರೆ, ಅದನ್ನು ಹೋಳು ಮಾಡುವಂತಿಲ್ಲ ಎನ್ನುತ್ತಾರೆ. ಇಬ್ಬರು ಮಕ್ಕಳೂ ‘ನನಗೆ, ನನಗೆ’ ಎಂದು ಎಳೆದಾಡುತ್ತಾರೆ. ಪ್ರಪಂಚವನ್ನು ಮೊದಲು ಸುತ್ತಿ ಬಂದವರಿಗೆ ಹಣ್ಣು ಎಂದು ತೀರ್ಮಾನವಾಗುತ್ತದೆ. ಷಣ್ಮುಖ ನವಿಲೇರಿ ಅಣಕಿಸುತ್ತಾ ಹಾರುತ್ತಾನೆ. ಕಡಲು, ಬೆಟ್ಟ, ಮೋಡ ಎಲ್ಲವೂ ಬಂದು ಹೋಗುತ್ತವೆ. ಇತ್ತ ಇಲಿಯ ಮೇಲೆ ಕುಳಿತ ಗಣಪ ಹೊಟ್ಟೆ ಸವರಿಕೊಂಡು ಯೋಚಿಸಿ, ಶಿವ ಪಾರ್ವತಿಯರಿಗೆ ಪ್ರದಕ್ಷಿಣೆ ಬಂದು ಹಣ್ಣನ್ನು ಗೆಲ್ಲುತ್ತಾನೆ. ಷಣ್ಮುಖ ಹಿಂದಿರುಗುವ ಹೊತ್ತಿಗೆ ಹಣ್ಣು ತಮ್ಮನದೋ ಅಣ್ಣನದೋ ಆಗಿಹೋಗಿರುತ್ತದೆ. ಅವನ ಮುಖ ಕೆಂಪಗಾಗುತ್ತದೆ, ಕಿವಿಯಿಂದ ಹೊಗೆ ಬರುತ್ತದೆ. ಆಗ ನಿರೂಪಕಿಯ ಇಂಪಾದ ದನಿ ‘ತಂದೆತಾಯಿಯೇ ಪ್ರಪಂಚ, ಅಲ್ಲವೇ ಮಕ್ಕಳೇ’ ಎನ್ನುತ್ತದೆ. ಆ ನೀತಿಗೆ ಸಿಗುವುದು ಹದಿನೈದಿಪ್ಪತ್ತು ಸೆಕೆಂಡು. ಉಳಿದ 400 ಸೆಕೆಂಡು ಎಳೆದಾಟ, ಅಣಕ, ಪೈಪೋಟಿ ಮತ್ತು ಅಪ್ಪ ಅಮ್ಮ ಒಬ್ಬನಿಗೇ ಹಣ್ಣು ಕೊಟ್ಟದ್ದು.

ದೊಡ್ಡವರಾದ ನಾವು ಕಥೆಯನ್ನು ಕೊನೆಯಿಂದ ಹಿಂದಕ್ಕೆ ಓದುತ್ತೇವೆ. ನೀತಿ ಕೇಳಿದೊಡನೆ ಹಿಂದೆ ನಡೆದದ್ದೆಲ್ಲ ಅದಕ್ಕೆ ಪೀಠಿಕೆಯಾಗಿ ಜೋಡಣೆಯಾಗುತ್ತದೆ. ಐದಾರು ವರ್ಷದ ಮಗುವಿಗೆ ಆ ಜೋಡಣೆ ಸಾಮಾನ್ಯವಾಗಿ ಬರುವುದಿಲ್ಲ. ಇದು ನನ್ನ ಊಹೆಯಲ್ಲ. ಅಮೆರಿಕದ ಮಾರಿ ಲೂಯಿಸ್ ಮೇರ್ಸ್ ಮತ್ತು ಎಮಿಲಿ ಅಕೋಸ್ಟಾ ಎಂಬ ಸಂಶೋಧಕಿಯರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನಮ್ಮ ಯುಕೆಜಿ ವಯಸ್ಸಿನ ಮಕ್ಕಳಿಗೆ ಕ್ಲಿಫರ್ಡ್ ಎಂಬ ದೊಡ್ಡ ಕೆಂಪು ನಾಯಿಯ ಕಾರ್ಟೂನಿನ ಒಂದು ಕಂತನ್ನು ತೋರಿಸಿದರು. ಅದರಲ್ಲಿ ಮೂರೇ ಕಾಲಿನ ಒಂದು ನಾಯಿ ಬರುತ್ತದೆ. ಉಳಿದ ನಾಯಿಗಳು ಮೊದಲು ಅದರಿಂದ ದೂರ ಸರಿದರೂ ಕೊನೆಗೆ ಸ್ನೇಹ ಬೆಳೆಸುತ್ತವೆ. ನಮಗಿಂತ ಬೇರೆಯಾಗಿ ಕಾಣುವವರನ್ನೂ ಜೊತೆಗೆ ಸೇರಿಸಿಕೊಳ್ಳಬೇಕು ಎಂಬುದು ಅಲ್ಲಿಯ ನೀತಿ. ಏನು ಕಲಿತಿರಿ ಎಂದು ಕೇಳಿದರೆ ಆ ನೀತಿಯನ್ನು ಹಿಡಿದ ಮಕ್ಕಳು ಕಡಿಮೆ. ಮೂರು ಕಾಲಿನ ನಾಯಿಗಳೊಂದಿಗೆ ಒಳ್ಳೆಯದಾಗಿ ನಡೆದುಕೊಳ್ಳಬೇಕು ಎಂದವರು ಹಲವರು. ಮಕ್ಕಳು ದಡ್ಡರೆಂದು ಇದರ ಅರ್ಥವಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದರು, ಅಷ್ಟೇ. ಅದೇ ಲೆಕ್ಕದಲ್ಲಿ ಹಣ್ಣಿನ ಕಥೆಯಿಂದ ನಿಮ್ಮ ಮಗ ಕಲಿಯಬಹುದಾದ ಪಾಠ ಯಾವುದು? ಜಾಣನಾದವನಿಗೆ ಇಡೀ ಹಣ್ಣು ಸಿಗುತ್ತದೆ, ತಂಗಿಗೆ ಪಾಲು ಕೊಡಬೇಕಾಗಿಲ್ಲ ಎಂಬುದು.

‘ಸರಿ, ನೀತಿ ಅರ್ಥವಾಗದಿದ್ದರೆ ಹೋಗಲಿ, ಜಗಳ ಮಾಡಿದವನಿಗೆ ಕೊನೆಯಲ್ಲಿ ಶಿಕ್ಷೆಯಾದರೆ ಸಾಕಲ್ಲ’ ಎಂದು ಕೆಲವರು ಮರುಪ್ರಶ್ನೆ ಹಾಕುತ್ತಾರೆ. ಇದಕ್ಕೂ ಹಳೆಯ ಉತ್ತರವಿದೆ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದೊಡ್ಡವನೊಬ್ಬ ಗಾಳಿ ತುಂಬಿದ ಗೊಂಬೆಯನ್ನು ಗುದ್ದಿ ಒದೆಯುವ ಚಿತ್ರವನ್ನು ಪುಟ್ಟ ಮಕ್ಕಳಿಗೆ ತೋರಿಸಲಾಯಿತು. ಒಂದು ಗುಂಪಿನ ಮಕ್ಕಳು ನೋಡಿದ ಚಿತ್ರದಲ್ಲಿ ಅವನಿಗೆ ಕೊನೆಯಲ್ಲಿ ಬಹುಮಾನ ಸಿಗುತ್ತದೆ, ಇನ್ನೊಂದರಲ್ಲಿ ಬೈಗುಳ ಮತ್ತು ಪೆಟ್ಟು, ಮೂರನೆಯದರಲ್ಲಿ ಏನೂ ಇಲ್ಲ. ಆಮೇಲೆ ಮಕ್ಕಳನ್ನು ಅಂಥದೇ ಗೊಂಬೆಯಿದ್ದ ಕೋಣೆಗೆ ಬಿಟ್ಟಾಗ, ಪೆಟ್ಟು ತಿಂದದ್ದನ್ನು ಕಂಡ ಮಕ್ಕಳು ಕಡಿಮೆ ಗುದ್ದಿದರು. ಇಲ್ಲಿಗೇ ಓದು ನಿಲ್ಲಿಸಿದವರು ‘ನೋಡಿ, ಶಿಕ್ಷೆ ಕೆಲಸ ಮಾಡಿತು’ ಎನ್ನುತ್ತಾರೆ. ಆದರೆ ಪ್ರಯೋಗ ಅಲ್ಲಿಗೆ ಮುಗಿದಿರಲಿಲ್ಲ. ಆ ಮನುಷ್ಯ ಏನೇನು ಮಾಡಿದ ಎಂದು ಮಾಡಿ ತೋರಿಸಿದರೆ ಬಹುಮಾನ ಕೊಡುತ್ತೇವೆ ಎಂದು ಹೇಳಿದಾಗ ಮೂರೂ ಗುಂಪಿನ ಮಕ್ಕಳು ಸರಿಸಮನಾಗಿ ಗುದ್ದಿ ತೋರಿಸಿದರು. ಎಂದರೆ, ಕಲಿಕೆ ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿ ನಡೆದಿತ್ತು. ಶಿಕ್ಷೆಯ ದೃಶ್ಯ ಅದನ್ನು ಅಳಿಸಿರಲಿಲ್ಲ, ಆ ಹೊತ್ತಿಗೆ ಅದುಮಿಟ್ಟಿತ್ತು. ಅಮ್ಮ ಅಡುಗೆಮನೆಗೆ ಹೋದ ಮೇಲೆ ಅದು ಹೊರಬಂದರೆ ಆಶ್ಚರ್ಯಪಡಬೇಕಾದದ್ದಿಲ್ಲ.

ಒಡಹುಟ್ಟಿದವರ ವಿಷಯದಲ್ಲಿಯೇ ನೇರವಾಗಿ ಕೆಲಸ ಮಾಡಿದವರು ಲಾರಿ ಕ್ರೇಮರ್. ತಮ್ಮ ತಂಗಿಯರಿರುವ ಪುಟ್ಟ ಮಕ್ಕಳ ಒಂದು ಗುಂಪಿಗೆ ಅವರು ಮತ್ತು ಅವರ ಜೊತೆಗಾರರು ಕೂಡಿ ಆಡುವುದನ್ನು ಆಟದ ಮೂಲಕವೇ ಕಲಿಸಿದರು. ಹೋಲಿಕೆಗಾಗಿ ಇನ್ನೊಂದು ಗುಂಪಿಗೆ ಒಡಹುಟ್ಟಿದವರ ಕಥೆಯ ಪುಸ್ತಕ ಮತ್ತು ವಿಡಿಯೊಗಳನ್ನು ಕೊಟ್ಟು, ಅವುಗಳ ಬಗ್ಗೆ ಮಾತಾಡಿಸಿದರು. ಮೊದಲ ಗುಂಪಿನ ಮಕ್ಕಳ ಸಂಬಂಧ ಸುಧಾರಿಸಿತು. ಎರಡನೆಯ ಗುಂಪಿನದು ಸುಧಾರಿಸಲಿಲ್ಲ, ಕೆಡುವ ಕಡೆಗೇ ವಾಲಿತು. ಮುಂದೆ ಇಂಥ ಕಥೆಪುಸ್ತಕಗಳನ್ನೇ ಪರಿಶೀಲಿಸಿದಾಗ ಕಂಡದ್ದೇನೆಂದರೆ, ಅವುಗಳಲ್ಲಿ ಪ್ರೀತಿಯ ನಡವಳಿಕೆ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಕೀಟಲೆ, ಬೈಗುಳ, ಹೊಟ್ಟೆಕಿಚ್ಚುಗಳೂ ಇದ್ದವು. ತಮ್ಮನನ್ನು ರೇಗಿಸುವ ಹೊಸ ಉಪಾಯಗಳನ್ನು ಮಗು ಅಲ್ಲಿಂದ ಹೆಕ್ಕಿಕೊಳ್ಳುತ್ತದೆ. ನಿಮ್ಮ ಮನೆಯಲ್ಲಿ ಜಗಳ ಹೆಚ್ಚಿದೆ ಎಂಬ ನಿಮ್ಮ ಅನುಮಾನವನ್ನು ನಾನು ಸುಳ್ಳೆನ್ನದಿರುವುದು ಇದೇ ಕಾರಣಕ್ಕೆ.

ಚಿತ್ರ ಮಾಡುವವರಿಗೆ ಇದು ಗೊತ್ತಿಲ್ಲವೇ? ಹಲವರಿಗೆ ಗೊತ್ತಿದೆ. ತೊಡಕಿರುವುದು ಆ ಕಸುಬಿನೊಳಗೇ. ಸಾಮಾನ್ಯವಾಗಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಕೈಯಲ್ಲಿ ಬರೆಯುವವರು ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಹಿಡಿದು 12 ಚಿತ್ರಗಳಲ್ಲಿ ನಿಭಾಯಿಸುತ್ತಾರೆ. ಆ ಲೆಕ್ಕದಲ್ಲಿ ಏಳು ನಿಮಿಷಕ್ಕೆ 10,080 ಚೌಕಟ್ಟು, 5,040 ಚಿತ್ರ. ಇಷ್ಟು ದುಡಿಮೆಯಲ್ಲಿ ಕೈ ತಾನಾಗಿಯೇ ಎಲ್ಲಿಗೆ ಹರಿಯುತ್ತದೆ ಎಂದರೆ ಎಳೆದಾಟಕ್ಕೆ. ಹಣ್ಣಿನ ಎರಡು ಕಡೆ ಇಬ್ಬರು ಜಗ್ಗುವಾಗ ತೋಳು ಉದ್ದವಾಗಬಹುದು, ಕೆನ್ನೆ ಉಬ್ಬಬಹುದು, ಕೈ ಜಾರಿ ಒಬ್ಬ ಉರುಳಿ ಬೀಳುವ ಮೊದಲು ಗಾಳಿಯಲ್ಲಿ ಅರೆಕ್ಷಣ ತೇಲಬಹುದು. ಈ ಮಾಧ್ಯಮದ ಸೊಗಸೆಲ್ಲ ಇರುವುದೇ ಅಲ್ಲಿ, ಮಕ್ಕಳು ಗೊಳ್ಳೆಂದು ನಗುವುದೂ ಅಲ್ಲಿಯೇ. ರಾಜಿಯಾಗುವುದು ಹಾಗಲ್ಲ. ಮುನಿದು ಕುಳಿತವನು ಓರೆಗಣ್ಣಿನಿಂದ ಒಮ್ಮೆ ನೋಡುತ್ತಾನೆ, ಮತ್ತೆ ಮುಖ ತಿರುಗಿಸುತ್ತಾನೆ, ಪಕ್ಕದವನು ಒಂದು ಗೇಣು ಹತ್ತಿರ ಸರಿಯುತ್ತಾನೆ. ಇಷ್ಟು ಸಣ್ಣ ಚಲನೆಯನ್ನು ನಂಬುವಂತೆ ಬರೆಯಲು ನುರಿತ ಕೈ ಬೇಕು, ಸಮಯ ಬೇಕು, ಹಣವೂ ಬೇಕು. ಅದನ್ನು ಉಳಿಸುವ ಸುಲಭದ ದಾರಿಯೆಂದರೆ ನಿರೂಪಕಿಯ ದನಿ. ನೀವು ಒಳ್ಳೆಯ ನೀತಿ ಎಂದುಕೊಂಡದ್ದು ಬಹಳ ಸಲ ಬರೆಯದೆ ಬಿಟ್ಟ ದೃಶ್ಯದ ಜಾಗದಲ್ಲಿ ತುಂಬಿದ ಮಾತು.

ಹಾಗಾಗಿ ಚಿತ್ರವನ್ನು ಆರಿಸುವಾಗ ಕೊನೆಯಲ್ಲಿ ಏನು ಹೇಳುತ್ತಾರೆ ಎಂದು ನೋಡಬೇಡಿ. ರಾಜಿಗೆ ಎಷ್ಟು ಹೊತ್ತು ಕೊಟ್ಟಿದ್ದಾರೆ, ಯಾರು ಮೊದಲು ಹೆಜ್ಜೆ ಇಟ್ಟರು, ಹೇಗೆ ಇಟ್ಟರು ಎಂದು ನೋಡಿ. ಮಗು ಅನುಕರಿಸಬಲ್ಲ ಒಂದಾದರೂ ಕೆಲಸ ಅಲ್ಲಿರಬೇಕು. ಈಗಾಗಲೇ ಮೆಚ್ಚಿನ ಚಿತ್ರವಾಗಿಬಿಟ್ಟಿದ್ದರೆ ಅದನ್ನು ಕಿತ್ತುಕೊಳ್ಳುವ ಅಗತ್ಯವಿಲ್ಲ, ಪಕ್ಕದಲ್ಲಿ ಕುಳಿತು ನಡುವೆ ಒಮ್ಮೆ ನಿಲ್ಲಿಸಿ. ಮೇಲೆ ಹೇಳಿದ ಸಂಶೋಧಕಿಯರೇ 2010ರಲ್ಲಿ, ಸಂದೇಶವನ್ನು ನೇರವಾಗಿ ಬಿಡಿಸಿ ಹೇಳುವ ಚಿಕ್ಕ ತುಣುಕುಗಳನ್ನು ಕಥೆಯೊಳಗೇ ಸೇರಿಸಿದಾಗ ಮಕ್ಕಳ ಗ್ರಹಿಕೆ ಉತ್ತಮಗೊಂಡದ್ದನ್ನು ತೋರಿಸಿದ್ದಾರೆ. ಮನೆಯಲ್ಲಿ ಆ ತುಣುಕು ನೀವೇ. ‘ಇದರಿಂದ ಏನು ಕಲಿತೆ?’ ಎಂದು ಪರೀಕ್ಷೆಯ ಧಾಟಿಯಲ್ಲಿ ಮಾತ್ರ ಕೇಳಬೇಡಿ. ಷಣ್ಮುಖ ಅಷ್ಟು ದೂರ ಸುತ್ತಿ ಬಂದು ಹಣ್ಣಿಲ್ಲ ಎಂದು ತಿಳಿದಾಗ ಅವನಿಗೆ ಹೇಗನ್ನಿಸಿರಬಹುದು ಎಂದು ಕೇಳಿ.

ಈ ಕಥೆ ಹೇಳಿದಾಗ ಮಕ್ಕಳು ತಾವಾಗಿ ಕೇಳುವ ಪ್ರಶ್ನೆಯೂ ಗಣಪನ ಜಾಣತನದ್ದಾಗಿರುವುದಿಲ್ಲ, ‘ಷಣ್ಮುಖ ಆಮೇಲೆ ಮನೆಗೆ ಬಂದನಾ?’ ಎಂಬುದಾಗಿರುತ್ತದೆ. ಕಾರ್ಟೂನು ಅದಕ್ಕೆ ಉತ್ತರಿಸದೆ ಮುಗಿದುಹೋಗುತ್ತದೆ, ಪುರಾಣ ಮಾತ್ರ ಉತ್ತರಿಸುತ್ತದೆ. ಶಿವಪುರಾಣದಲ್ಲಿ ಪಂದ್ಯ ನಡೆಯುವುದು ಹಣ್ಣಿಗಲ್ಲ, ಯಾರ ಮದುವೆ ಮೊದಲು ಎಂಬುದಕ್ಕೆ. ಸೋತ ಕುಮಾರ ಮುನಿದು ಕ್ರೌಂಚಗಿರಿಗೆ ಹೋಗಿಬಿಡುತ್ತಾನೆ. ತಂದೆತಾಯಿ ಅಲ್ಲಿಗೇ ಹೋದರೆ ಇನ್ನಷ್ಟು ದೂರ ಸರಿಯುತ್ತಾನೆ. ಆದರೂ ಅವರು ಬಿಡುವುದಿಲ್ಲ: ಅಮಾವಾಸ್ಯೆಯಂದು ಶಿವ, ಹುಣ್ಣಿಮೆಯಂದು ಪಾರ್ವತಿ ಮಗನನ್ನು ನೋಡಲು ಹೋಗುತ್ತಾರೆ ಎಂದು ಪುರಾಣ ಹೇಳುತ್ತದೆ. ನಮ್ಮವರು ಯುಗಾದಿಯ ಹೊತ್ತಿಗೆ ಕಾಲ್ನಡಿಗೆಯಲ್ಲಿ ಹೋಗುವ ಶ್ರೀಶೈಲದ ಮಲ್ಲಿಕಾರ್ಜುನನ ಕಥೆಯೂ ಇದೇ. ಬಳ್ಳಾರಿ ಜಿಲ್ಲೆಯ ಸಂಡೂರಿನ ಬೆಟ್ಟವನ್ನೂ ಕ್ರೌಂಚಗಿರಿ ಎಂದೇ ಕರೆಯುತ್ತಾರೆ. ಅಲ್ಲಿ ಕುಮಾರಸ್ವಾಮಿಯ ಗುಡಿಯ ಬಳಿಯಲ್ಲೇ ಪಾರ್ವತಿಯ ಗುಡಿಯೂ ಇದೆ. ಸೋತ ಮಗನನ್ನು ಅಪ್ಪ ಅಮ್ಮ ಬೆನ್ನು ಬಿಡದೆ ಹುಡುಕಿಕೊಂಡು ಹೋಗುವ ಈ ಭಾಗಕ್ಕೆ ಮೂರು ನಿಮಿಷ ಕೊಟ್ಟ ಕಾರ್ಟೂನನ್ನು ನಾನಂತೂ ನೋಡಿಲ್ಲ. ಹಾಗಾಗಿ ಅದನ್ನು ನೀವೇ ಬಾಯಲ್ಲಿ ಹೇಳಬೇಕಾಗುತ್ತದೆ.

ಇಲ್ಲಿ ಯಾರೂ ಕೇಳದ ಇನ್ನೊಂದು ಪ್ರಶ್ನೆಯನ್ನು ನಾನೇ ಎತ್ತುತ್ತೇನೆ: ಇಬ್ಬರಲ್ಲಿ ದೊಡ್ಡವನು ಯಾರು? ದಕ್ಷಿಣದ ಹೆಚ್ಚಿನ ಮನೆಗಳಲ್ಲಿ ಗಣಪತಿಯೇ ಅಣ್ಣ. ತಮಿಳರಿಗಂತೂ ಮುರುಗ ಮುದ್ದಿನ ಕಿರಿಯ. ಶಿವಪುರಾಣದ ಕುಮಾರಖಂಡದಲ್ಲಿ ಕುಮಾರನ ಜನನ ಮೊದಲು, ಗಣೇಶನದು ಆಮೇಲೆ. ಉತ್ತರದ ಹಲವು ಕಡೆ ಕಾರ್ತಿಕೇಯನೇ ಹಿರಿಯ. ದೇವರ ಜಾತಕದ ಚರ್ಚೆ ಇದು ಎಂದು ಕೈಬಿಡಬೇಡಿ, ಏಕೆಂದರೆ ಮಕ್ಕಳು ಪರದೆಯ ಮೇಲೆ ಮೊದಲು ಹುಡುಕುವುದು ತಮ್ಮ ಸ್ಥಾನದಲ್ಲಿರುವವರನ್ನು. ಗಣಪ ಅಣ್ಣನಾದರೆ, ಬುದ್ಧಿ ಬಲಿತ ಹಿರಿಯನು ಕಿರಿಯನ ಮುಂದೆ ಗೆದ್ದ ಕಥೆಯಾಗುತ್ತದೆ. ತಮ್ಮನಾದರೆ, ತೋಳ್ಬಲದ ಅಣ್ಣನನ್ನು ಪುಟ್ಟವನು ಉಪಾಯದಿಂದ ಮೀರಿಸಿದ ಕಥೆ. ಒಂದು ಗೆರೆಯನ್ನೂ ಬದಲಿಸದೆ, ‘ಅಣ್ಣಾ’ ಎಂದು ಯಾರು ಯಾರನ್ನು ಕರೆಯುತ್ತಾರೆ ಎಂಬುದರಿಂದಲೇ ಚಿತ್ರ ತಲೆಕೆಳಗಾಗುತ್ತದೆ. ಉತ್ತರದ ರೂಢಿಯಂತೆ ಹಿಂದಿಯಲ್ಲಿ ತಯಾರಾದ ಚಿತ್ರವನ್ನು ಕನ್ನಡಕ್ಕೆ ಡಬ್ ಮಾಡುವವರು ಆ ಒಂದು ಕರೆಯನ್ನು ನಮ್ಮ ರೂಢಿಗೆ ತಿದ್ದಿದರೆ, ಗೆದ್ದವನು ಕಿರಿಯನೆಂದು ಬರೆದ ಚಿತ್ರದಲ್ಲಿ ಗೆಲ್ಲುವವನು ಹಿರಿಯನಾಗಿಬಿಡುತ್ತಾನೆ. ಆದ್ದರಿಂದ ಮೊದಲ ನಿಮಿಷದ ಸಂಭಾಷಣೆಯನ್ನು ಗಮನವಿಟ್ಟು ಕೇಳಿ. ಚಿತ್ರ ಮುಗಿದ ಮೇಲೆ ನಿಮ್ಮ ಇಬ್ಬರಲ್ಲಿ ಸೋತವರ ಜಾಗದಲ್ಲಿ ಕುಳಿತಿರುವವರು ಯಾರು ಎಂಬುದು ಅಲ್ಲಿಂದಲೇ ಗೊತ್ತಾಗುತ್ತದೆ. ಪಕ್ಕದಲ್ಲಿ ಕೂರಿಸಿಕೊಂಡು ಕ್ರೌಂಚಗಿರಿಯ ಭಾಗವನ್ನು ಹೇಳಬೇಕಾದದ್ದು ಮೊದಲು ಆ ಮಗುವಿಗೆ.