ಅಡಿಕೆ ಸುಲಿಯುವಲ್ಲಿಗೂ ಬಂದ ‘ಅನ್ಯಗ್ರಹದ ಹಡಗು’

2025ರ ದೀಪಾವಳಿ. ತೀರ್ಥಹಳ್ಳಿ, ಹೊಸನಗರದ ಕಡೆ ಅಡಿಕೆ ಸುಲಿಯಲು ಕೂತವರ ಮಾತಿನಲ್ಲಿ ಧಾರಣೆ, ಕೊಳೆರೋಗದ ಜೊತೆ ಹೊಸ ಸುದ್ದಿಯೊಂದು ಸೇರಿಕೊಂಡಿತ್ತು: ಅನ್ಯಗ್ರಹದ ಹಡಗು ಸೂರ್ಯನ ಹಿಂದೆ ಅಡಗಿ ಕೂತಿದೆಯಂತೆ, ನಾಸಾ ಅದರ ಫೋಟೊ ಬಿಡುತ್ತಿಲ್ಲವಂತೆ.

ಸೂರ್ಯನ ಆಚೆ ಮರೆಯಾಗಿದ್ದು ನಿಜ, ಫೋಟೊ ತಡವಾಗಿದ್ದೂ ನಿಜ. ಆದರೆ ಅದು ಹಡಗಲ್ಲ. ನಮ್ಮ ಸೌರಮಂಡಲದ ಹೊರಗಿನಿಂದ ಬಂದ, 3ಐ/ಅಟ್ಲಾಸ್ ಎಂಬ ಧೂಮಕೇತು.

ಬೇರೆ ನಕ್ಷತ್ರಗಳಿಗೂ ಗ್ರಹಗಳಿವೆ ಎಂದು 1992ರಲ್ಲಿ ಖಚಿತವಾಯಿತು, ಈಗ ಪಟ್ಟಿ 6,000 ದಾಟಿದೆ. ಆದರೆ ಹೊರಗಿನದ್ದೇ ಒಂದು ಕಾಯ ನಮ್ಮ ಸೌರಮಂಡಲದೊಳಗೆ ಸಿಕ್ಕಿದ್ದು 2017ರಲ್ಲಿ, ಹವಾಯಿಯ ದೂರದರ್ಶಕಕ್ಕೆ. ಆ ಔಮುವಾಮುವಾ ಕಣ್ಣಿಗೆ ಬೀಳುವಷ್ಟರಲ್ಲಿ ಸೂರ್ಯನನ್ನು ಬಳಸಿ ಹೊರಟಾಗಿತ್ತು. ಬಾಲವಿಲ್ಲ, ಆದರೂ ಗುರುತ್ವದ ಲೆಕ್ಕ ಮೀರಿ ತುಸು ಜೋರಾಗಿ ಓಡಿತು. ಹಡಗಿನ ಮಾತು ಹುಟ್ಟಿದ್ದು ಆಗಲೇ. ಹಾಗೆ ಹೊರಗಿನಿಂದ ಬಂದ ಎರಡನೆಯದು, 2019ರ ಬೋರಿಸೊವ್, ಅಪ್ಪಟ ಧೂಮಕೇತು, ಹಾಗಾಗಿ ಅದರ ಸುದ್ದಿ ಯಾರಿಗೂ ಬೇಡವಾಯಿತು.

ಮೂರನೆಯದಾದ ಈ 3ಐ/ಅಟ್ಲಾಸನ್ನು ಚಿಲಿಯ ದೂರದರ್ಶಕ ಕಂಡಿದ್ದು 2025ರ ಜುಲೈ 1ರಂದು. ಮಲೆನಾಡಿನಲ್ಲಿ ಆಕಾಶವೇ ಕಾಣದ ಕಾಲ. ಸೆಕೆಂಡಿಗೆ ಸುಮಾರು 60 ಕಿ.ಮೀ. ವೇಗ, ಅಷ್ಟು ಓಡುವುದನ್ನು ಸೂರ್ಯ ಹಿಡಿದಿಟ್ಟುಕೊಳ್ಳಲಾರ, ಹೊರಗಿನಿಂದ ಬಂದದ್ದು ಎನ್ನಲು ಅದೇ ಆಧಾರ. ಅಕ್ಟೋಬರ್ ಆರಂಭದಲ್ಲಿ ಅದು ಮಂಗಳನಿಂದ ಸುಮಾರು 3 ಕೋಟಿ ಕಿ.ಮೀ. ದೂರದಲ್ಲಿ ಹಾದಾಗ ನಾಸಾ ನೌಕೆ ಚಿತ್ರ ತೆಗೆಯಿತು. ಆದರೆ ಅಕ್ಟೋಬರ್ 1ರಿಂದಲೇ ಅಮೆರಿಕದ ಸರ್ಕಾರಿ ಕಚೇರಿಗಳು ಅನುದಾನವಿಲ್ಲದೆ ಸ್ತಬ್ಧವಾಗಿದ್ದವು. ಚಿತ್ರ ಹೊರಬಂದಿದ್ದು ನವೆಂಬರ್ 19ಕ್ಕೆ. ಈ ನಡುವೆ, ಅಕ್ಟೋಬರ್ 21ರ ಆಸುಪಾಸು, ಅದು ಭೂಮಿಯಿಂದ ನೋಡಿದರೆ ಸೂರ್ಯನ ಆಚೆ ಬದಿಯಲ್ಲಿತ್ತು. ವಿಡಿಯೊ ಮಾಡುವವರಿಗೆ ಇದಕ್ಕಿಂತ ಒಳ್ಳೆ ಸುಗ್ಗಿ ಬೇಕೆ?

ಸಾಲದ್ದಕ್ಕೆ ಹಡಗಿನಿಂದ ‘ರೇಡಿಯೊ ಸಂಕೇತ’ ಬಂತೆಂಬ ಸುದ್ದಿ ಬೇರೆ. ಅಕ್ಟೋಬರ್ 24ರಂದು ದಕ್ಷಿಣ ಆಫ್ರಿಕಾದ ಮೀರ್‌ಕ್ಯಾಟ್ ರೇಡಿಯೊ ದೂರದರ್ಶಕ ಗುರುತಿಸಿದ್ದು ಹೈಡ್ರಾಕ್ಸಿಲ್ ಕಣಗಳನ್ನು. ಧೂಮಕೇತುವಿನ ನೀರನ್ನು ಬಿಸಿಲು ಒಡೆದಾಗ ಉಳಿಯುವ ಚೂರುಗಳವು. ಅವು ರೇಡಿಯೊ ಅಲೆಗಳನ್ನು ಹೀರಿದ ಗುರುತು ಸಿಕ್ಕಿತ್ತೇ ಹೊರತು ಯಾರೂ ಏನನ್ನೂ ಕಳಿಸಿರಲಿಲ್ಲ. ನೀರಿದೆ ಎನ್ನುವ ಪುರಾವೆಯೇ ಮೊಬೈಲಿಗೆ ಬರುವಷ್ಟರಲ್ಲಿ ಹಡಗಿನ ಕರೆಯಾಯಿತು.

ನವೆಂಬರ್‌ನಲ್ಲಿ ಮೌಂಟ್ ಅಬುವಿನ 1.2 ಮೀಟರ್ ದೂರದರ್ಶಕಕ್ಕೆ ಕಂಡದ್ದೂ ಮಾಮೂಲಿ ಧೂಮಕೇತುಗಳ ಅನಿಲಗಳೇ. ಆ ಸುದ್ದಿಯನ್ನು ಫಾರ್ವರ್ಡ್ ಮಾಡಿದವರನ್ನು ನಾನಂತೂ ಕಾಣೆ.