ಆರೆಗಾನೊ ಕೊತ್ತಂಬರಿ ಸೊಪ್ಪಲ್ಲ

ದಾವಣಗೆರೆಯಲ್ಲಿ ಅಡುಗೆ ತರಗತಿ ನಡೆಸುವ ನಾನು ಪಾಸ್ತಾ ಕಲಿಸುವ ದಿನ ಒಂದೇ ಮಾತನ್ನು ಹೇಳಿ ಹೇಳಿ ಸೋತಿದ್ದೇನೆ: ಪಿಜ್ಜಾ, ಪಾಸ್ತಾಗೆ ಹಾಕುವ ಪರಿಮಳದ ಎಲೆ ಆರೆಗಾನೊ ಒಣದಾಗಿದ್ದರೆ ಅದನ್ನು ಒಲೆ ಆರಿಸಿದ ಮೇಲೆ ಉದುರಿಸಬೇಡಿ. ಅದರಂಥದೇ ಇನ್ನೊಂದು ಎಲೆ ಥೈಮ್ ಕೂಡ ಅಷ್ಟೇ. ಎಲ್ಲರೂ ತಲೆಯಾಡಿಸುತ್ತಾರೆ, ಬರೆದುಕೊಳ್ಳುತ್ತಾರೆ, ಮನೆಗೆ ಹೋಗಿ ಕೊನೆಗೇ ಉದುರಿಸುತ್ತಾರೆ. ಮರುವಾರ ಬಂದು, "ಮೇಡಂ, ಬಾಯಿಗೆ ಒಣಹುಲ್ಲು ಸಿಕ್ಕಂಗಾಗುತ್ತೆ" ಅನ್ನುತ್ತಾರೆ.

ಈ ತಪ್ಪಿನ ಮೂಲ ಕೊತ್ತಂಬರಿ. ನಮ್ಮ ಕೈಗೆ ಅದರ ಅಭ್ಯಾಸ. ಕೊತ್ತಂಬರಿ ಸೊಪ್ಪಿನ ಘಮ ಬಿಸಿಗೆ ಹಾರಿಹೋಗುತ್ತದೆ, ಒಣಗಿಸಿದರಂತೂ ಏನೂ ಉಳಿಯುವುದಿಲ್ಲ. ಅದು ಕೊನೆಗೇ ಬೀಳಬೇಕು. ಆರೆಗಾನೊ ಮತ್ತು ಥೈಮ್ ನಮ್ಮ ತುಳಸಿ-ಪುದೀನದ ಕುಟುಂಬದವಾದರೂ ಮೆಡಿಟರೇನಿಯನ್ ಸೀಮೆಯ ಒಣ ಕಲ್ಲುಗುಡ್ಡಗಳಲ್ಲಿ ಬೆಳೆದು ಬಂದ ಗಿಡಗಳು. ಅವುಗಳ ಎಲೆಯ ಸಣ್ಣ ಗ್ರಂಥಿಗಳಲ್ಲಿ ಎಣ್ಣೆ ಇರುತ್ತದೆ. ನೀರಿನಂಶ ಆರಿದರೂ ಆ ಎಣ್ಣೆ ಬಹುಪಾಲು ಉಳಿಯುವುದರಿಂದಲೇ 3 ಚಮಚ ಹಸಿ ಎಲೆಯ ಜಾಗದಲ್ಲಿ 1 ಚಮಚ ಒಣ ಎಲೆ ಸಾಕಾಗುತ್ತದೆ. ಆದರೆ ಆ ಎಣ್ಣೆ ಎಲೆ ಬಿಟ್ಟು ಬರಬೇಕಾದರೆ ಜಿಡ್ಡು ಬೇಕು, ಬಿಸಿ ಬೇಕು, ಒಂದಿಷ್ಟು ಹೊತ್ತು ಬೇಕು.

ಒಮ್ಮೆ ಒಬ್ಬ ಅಕ್ಕ ಥೈಮ್ ಬಾಟಲಿ ಹಿಡಿದು ಬಂದು, "ಇದಕ್ಕೆ ವಾಸನೇನೇ ಇಲ್ಲ" ಎಂದು ನನ್ನ ಮುಂದಿಟ್ಟರು. ಅವರ ಅಂಗೈಗೆ ಒಂದು ಚಿಟಿಕೆ ಹಾಕಿ, "ಮೆಣಸಿನಕಾಯಿ ಬಜ್ಜಿ ಹಿಟ್ಟಿಗೆ ಅಜವಾನ ಹೆಂಗೆ ಹಾಕ್ತೀರಿ?" ಎಂದು ಕೇಳಿದೆ. ಮಾತಾಡದೆ ಎರಡೂ ಅಂಗೈ ಸೇರಿಸಿ ತಿಕ್ಕಿದರು, ಮೂಗಿಗೆ ಹಿಡಿದರು. "ಅಯ್ಯ, ಇದು ನಮ್ಮ ಮಂಡಕ್ಕಿ-ಮೆಣಸಿನಕಾಯಿ ವಾಸನೆ ಅಲ್ವಾ!"

ಅದೇ. ಅಜವಾನಕ್ಕೂ ಥೈಮ್‌ಗೂ ಆ ವಾಸನೆ ಕೊಡುವುದು ಥೈಮಾಲ್ ಎಂಬ ಒಂದೇ ವಸ್ತು. ಆರೆಗಾನೊದಲ್ಲಿ ಸಾಮಾನ್ಯವಾಗಿ ಅದಕ್ಕೆ ಹತ್ತಿರದ ಕಾರ್ವಕ್ರಾಲ್ ಎಂಬ ವಸ್ತು ಹೆಚ್ಚು, ಹಾಗಾಗಿ ನಾಲಿಗೆಗೆ ಚುರುಕು, ಹಿಂದೆಯೇ ತುಸು ಕಹಿ. ಇನ್ನು ಹೂವಿನ ದಂಡೆಯಲ್ಲಿ ಮುಡಿಯುವ ಮರುಗವಿದೆಯಲ್ಲ, ಅದು ಆರೆಗಾನೊದ ಒಡಹುಟ್ಟು. ದಿನಾ ತಲೆಯಲ್ಲಿರುವ ಘಮವನ್ನು ಬಾಟಲಿಗೆ ಹಾಕಿಕೊಟ್ಟರೆ ಪರದೇಶಿ ಎಂದು ಹೆದರುತ್ತೇವೆ.

ಮಾಡುವುದಿಷ್ಟು. ಈರುಳ್ಳಿ, ಬೆಳ್ಳುಳ್ಳಿ ಬಾಡಿದ ಮೇಲೆ ಉರಿ ಸಣ್ಣ ಮಾಡಿ, ಆರೆಗಾನೊ ತಿಕ್ಕಿ ಹಾಕಿ, ಅರೆ ನಿಮಿಷ ಕೈಯಾಡಿಸಿ ಟೊಮ್ಯಾಟೊ ಸುರಿಯಿರಿ. ಅರ್ಧ ಕೆಜಿ ಹಣ್ಣಿಗೆ 1 ಟೀ ಚಮಚ ನನ್ನ ಅಳತೆ. ಸಾಸಿವೆ ಸಿಡಿಯುವಷ್ಟು ಕಾದ ಎಣ್ಣೆಗೆ ಹಾಕಿದಿರೋ, ಸೀದು ಕಹಿಯಾಗುತ್ತದೆ. ಥೈಮ್ ಸಾಧು, ಆಲೂಗಡ್ಡೆ, ಅಣಬೆ, ಕೋಳಿ, ಹೆಚ್ಚು ಹೊತ್ತು ಬೇಯುವ ಎಲ್ಲದಕ್ಕೂ ಹೊಂದುತ್ತದೆ. ನಮ್ಮೂರ ಬೆಣ್ಣೆ ಸಣ್ಣಗೆ ಕರಗಿಸಿ ಥೈಮ್ ಹಾಕಿ, ಬೇಯಿಸಿದ ಆಲೂಗಡ್ಡೆಯನ್ನು ಅದರಲ್ಲಿ ಹೊರಳಿಸಿ ನೋಡಿ. ಹಸಿ ಕಡ್ಡಿ ಸಿಕ್ಕಿದರೆ ತುದಿ ಹಿಡಿದು ಕೆಳಮುಖವಾಗಿ ಎಳೆಯಿರಿ, ಎಲೆಯೆಲ್ಲ ಉದುರುತ್ತದೆ.

ಪಿಜ್ಜಾ ಜೊತೆ ಬರುವ ಪೊಟ್ಟಣದಿಂದ ಅಳತೆ ಕಲಿಯಬೇಡಿ. ಹಲವದರಲ್ಲಿ ಉಪ್ಪು, ಬೆಳ್ಳುಳ್ಳಿ, ಮೆಣಸಿನಕಾಯಿ ಬೆರೆತಿರುತ್ತದೆ. ಪೊಟ್ಟಣದ ಹಿಂಬದಿ ಬರೆದಿರುವುದನ್ನು ಓದಿ. ಕೆಮ್ಮಿಗೆ ಒಳ್ಳೆಯದಾ ಎಂದೂ ಕೇಳುತ್ತಾರೆ. ನಾನು ಹೇಳುವುದು ಅಡುಗೆಯ ಚಿಟಿಕೆಯ ಮಾತು ಮಾತ್ರ, ಔಷಧಿಗೆ ವೈದ್ಯರಿದ್ದಾರೆ. ಬಾಟಲಿಯನ್ನು ಒಲೆಯ ಪಕ್ಕದಿಂದ ತೆಗೆದು ಕತ್ತಲ ಕಪಾಟಿಗಿಡಿ. ವರ್ಷ ದಾಟಿದ್ದರೆ ಅಂಗೈಯಲ್ಲಿ ತಿಕ್ಕಿ ನೋಡಿ, ಮೂಗಿಗೆ ಏನೂ ಬಡಿಯದಿದ್ದರೆ ಗಿಡದ ಬುಡಕ್ಕೆ ಸುರಿದುಬಿಡಿ.