ಪಿರಮಿಡ್ ಸಮಾಧಿಯೊಳಗೆ ಜಾಕ್ ಫುಲ್ಲರ್ ಕುರ್ಚಿ ಮೇಲೆ ಕೂತಿದ್ದಾನಾ?

ಓದುಗರ ಪ್ರಶ್ನೆ: ಇಂಗ್ಲೆಂಡಿನ ಒಂದು ಹಳ್ಳಿ ಚರ್ಚಿನ ಅಂಗಳದಲ್ಲಿ ಪಿರಮಿಡ್ ಆಕಾರದ ಕಲ್ಲಿನ ಸಮಾಧಿ ಇದೆಯಂತೆ. ಅದರೊಳಗೆ ಸತ್ತವನನ್ನು ಊಟದ ಮೇಜಿನ ಮುಂದೆ ಕೂರಿಸಿದ್ದಾರಂತೆ. ನಿಜವಾ?

ನಿಜ ಅಲ್ಲ. ನೀವು ಕೇಳಿರುವುದು ಈಸ್ಟ್ ಸಸೆಕ್ಸ್‌ನ ಬ್ರೈಟ್ಲಿಂಗ್ ಎಂಬ ಹಳ್ಳಿಯ ಸಮಾಧಿ. ಅದು ಜಾನ್ ಫುಲ್ಲರ್ ಎಂಬ ಜಮೀನ್ದಾರನದು. ಜನ ಅವನನ್ನು 'ಮ್ಯಾಡ್ ಜ್ಯಾಕ್' ಎಂದೇ ಕರೆಯುತ್ತಾರೆ. ತಲೆಗೆ ಎತ್ತರದ ಟೋಪಿ, ಎದುರಿಗೆ ಹುರಿದ ಕೋಳಿ, ಪಕ್ಕದಲ್ಲಿ ವೈನ್ ಬಾಟಲಿ. ಸೈತಾನ ಬಂದರೆ ಕಾಲು ಕೊಯ್ದುಕೊಳ್ಳಲಿ ಅಂತ ನೆಲದ ತುಂಬ ಗಾಜಿನ ಚೂರು. ಕಥೆ ಹೀಗಿದೆ. 1982ರಲ್ಲಿ ದುರಸ್ತಿ ಮಾಡುವಾಗ ನೋಡಿದರೆ ಇದ್ಯಾವುದೂ ಇರಲಿಲ್ಲ. ಎಲ್ಲರಂತೆ ಅವನನ್ನೂ ನೆಲದಡಿಯೇ ಹೂಳಿದ್ದರು.

ಇಂಥ ಕಥೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಸುಮಾರು 25 ಅಡಿ ಎತ್ತರದ ಈ ಪಿರಮಿಡ್ಡನ್ನು ಫುಲ್ಲರ್ 1811ರಲ್ಲೇ ಕಟ್ಟಿಸಿದ. ಅವನು ಸತ್ತದ್ದು 1834ರಲ್ಲಿ. ಇಪ್ಪತ್ತಕ್ಕೂ ಜಾಸ್ತಿ ವರ್ಷ ಊರಿನವರು ಬದುಕಿರುವ ಮನುಷ್ಯನ ಗೋರಿ ನೋಡುತ್ತಾ ಚರ್ಚಿಗೆ ಹೋಗಿಬಂದರು. ಮಾತು ಬೆಳೆಯದೆ ಇರುತ್ತದಾ? ಪಿರಮಿಡ್ ಆಕಾರ ಮಾತ್ರ ಅವನೊಬ್ಬನ ಹುಚ್ಚಲ್ಲ. ಈಜಿಪ್ಟಿನ ಮಾದರಿಗಳ ಮೋಹ ಆಗ ಯುರೋಪಿನಲ್ಲೆಲ್ಲ ಇತ್ತು.

ಫುಲ್ಲರ್ ಪಾರ್ಲಿಮೆಂಟ್ ಸದಸ್ಯನೂ ಆಗಿದ್ದ. 1810ರಲ್ಲಿ ಸ್ಪೀಕರ್‌ಗೆ ಬಾಯಿಗೆ ಬಂದಂತೆ ಬೈದು ಸದನದಿಂದ ಹೊರಗೆ ಹಾಕಿಸಿಕೊಂಡ. ಮುಂದೆ ಕೆಡವಿಬಿಡುವ ಸ್ಥಿತಿಯಲ್ಲಿದ್ದ ಬೋಡಿಯಂ ಕೋಟೆಯನ್ನು ಕೊಂಡು ಉಳಿಸಿದ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ಗೆ ಅವನು ಕೊಟ್ಟ ಹಣದಿಂದ ರಸಾಯನಶಾಸ್ತ್ರದ ಪ್ರೊಫೆಸರ್ ಹುದ್ದೆ ಹುಟ್ಟಿತು. 1833ರಲ್ಲಿ ಆ ಹುದ್ದೆಗೆ ಮೊಟ್ಟಮೊದಲು ನೇಮಕವಾದವರು ಮೈಕೆಲ್ ಫ್ಯಾರಡೆ.

ಆದರೆ ಕೋಳಿ, ಟೋಪಿಯ ಕಥೆಯಲ್ಲಿ ಒಂದು ವಿಷಯ ಮರೆಯಾಗುತ್ತದೆ. ಅದು ನನಗೆ ಬೇಜಾರು. ಫುಲ್ಲರ್ ಮನೆತನಕ್ಕೆ ಜಮೈಕಾದಲ್ಲಿ ಕಬ್ಬಿನ ತೋಟಗಳಿದ್ದವು. ಅಲ್ಲಿ ದುಡಿಯುತ್ತಿದ್ದವರು ಗುಲಾಮರು. ಗುಲಾಮಗಿರಿ ಇರಲಿ ಎಂದು ಅವನು ಪಾರ್ಲಿಮೆಂಟಿನಲ್ಲಿ ಗಟ್ಟಿಯಾಗಿ ವಾದಿಸಿದ್ದ. ಪಿರಮಿಡ್ ನೋಡಲು ಹೋದವರಿಗೆ ಮೊದಲು ಹೇಳಬೇಕಾದ ವಿಷಯ ಇದು.